ಗುಂಪು ಕ್ಯಾಂಪಿಗೆ ಹೊರಟಿದ್ದೇವೆ, ಒಂಬತ್ತು ಜನ ಹ್ಯಾಮ್‌ಗಳಿದ್ದೇವೆ (ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೋದವರು). ಯಾರಿಗೆ ಯಾವ ಚಾನೆಲ್, ಯಾವ ಟೋನ್ ಕೊಡಬೇಕು?

ಅಡುಗೆಯವರಿಗೊಂದು ಚಾನೆಲ್, ಚಾರಣದವರಿಗೊಂದು, ಮಕ್ಕಳ ಜೊತೆ ಇರುವವರಿಗೊಂದು, ಗಲಾಟೆ ಬರದ ಹಾಗೆ ಎಲ್ಲಕ್ಕೂ ಟೋನ್, ಅಂದರೆ ಮಾತಿನ ಜೊತೆ ಕಳಿಸುವ ಒಂದು ಗುರುತಿನ ಸದ್ದು. ಅಯ್ಯೋ, ಇದು ನಾನೇ ಬರೆದ ಪ್ರಶ್ನೆ ಅನ್ನಿಸಿತು. ಮೂರು ವರ್ಷದ ಹಿಂದೆ ಇಂಥದ್ದೇ ಪಟ್ಟಿ ಮಾಡಿ, ಲ್ಯಾಮಿನೇಟ್ ಮಾಡಿಸಿ ಎಲ್ಲರಿಗೂ ಹಂಚಿದ್ದೆ.

ಸಕಲೇಶಪುರದ ಆಚೆ ಒಂದು ಕಾಫಿ ತೋಟ. 22 ಜನ, ಅದರಲ್ಲಿ ಏಳು ಜನಕ್ಕೆ ಲೈಸೆನ್ಸ್. ಮೊಬೈಲ್ ಸಿಗ್ನಲ್ ಇಲ್ಲ. ಮೂರು ಚಾನೆಲ್ಲಿನ ಪಟ್ಟಿ ಮೊದಲ ಸಂಜೆಯೇ ಸತ್ತುಹೋಯಿತು. ಹರಟೆ ಎಲ್ಲಿ ನಡೆಯುತ್ತದೋ ಜನ ಅಲ್ಲಿಗೇ ಬರುತ್ತಾರೆ, ಅಲ್ವಾ? ಎಲ್ಲರೂ 145.550 ಮೆಗಾಹರ್ಟ್ಸಿಗೆ ಬಂದು ಕೂತರು. ಅದರಿಂದ ತೊಂದರೆ ಏನೂ ಆಗಲಿಲ್ಲ. ತೊಂದರೆ ಕೊಟ್ಟಿದ್ದು ಟೋನ್.

ಹೊರಡುವ ಮುಂಚೆ ಆರು ಹ್ಯಾಂಡಿಗಳಿಗೆ (ಕೈಯಲ್ಲಿ ಹಿಡಿಯುವ ಸೆಟ್ಟುಗಳು) ಲ್ಯಾಪ್‌ಟಾಪಿನಿಂದ ಪ್ರೋಗ್ರಾಂ ಹಾಕಿದ್ದೆ. ಕಳಿಸುವಾಗಲೂ 88.5 ಹರ್ಟ್ಸ್ ಟೋನ್, ಕೇಳುವಾಗಲೂ ಅದೇ ಟೋನ್. ಏಳನೆಯ ಗೆಳೆಯರು ಬೆಂಗಳೂರಿನಿಂದ ಬಂದಾಗ ರಾತ್ರಿ ಹನ್ನೊಂದು. ಲ್ಯಾಪ್‌ಟಾಪ್ ತೆಗೆಯಲು ಸೋಮಾರಿತನ. "145.550 ಒತ್ತಿಕೊಳ್ಳಿ, ಸಾಕು" ಎಂದೆ. ಅವರ ಸೆಟ್ಟಿನಲ್ಲಿ ನಮ್ಮ ಮಾತು ಚೆನ್ನಾಗಿಯೇ ಕೇಳಿಸಿತು. ಎಲ್ಲ ಸರಿ ಇದೆ ಎಂದುಕೊಂಡು ಮಲಗಿದರು.

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಯಾಕೆಂದರೆ ತುಂಬಾ ಜನರಿಗೆ ಇದು ತಲೆಕೆಳಗಾಗಿ ಅರ್ಥವಾಗಿದೆ. ಟೋನ್ ಬೀಗ ಅಲ್ಲ. ಮಾತಿನ ಕೆಳಗೆ ನಮ್ಮ ಕಿವಿಗೆ ಬೀಳದ ಹಾಗೆ ಸೇರುವ ಒಂದು ಗುಂಯ್ ಸದ್ದು, ಅಷ್ಟೆ. ಬೇರೆಯವರು ನಿಮ್ಮ ಮಾತು ಕೇಳುವುದನ್ನು ಅದು ತಡೆಯುವುದಿಲ್ಲ, ನಿಮ್ಮ ಫ್ರೀಕ್ವೆನ್ಸಿಗೆ ಬರುವುದನ್ನೂ ತಡೆಯುವುದಿಲ್ಲ. ಕೇಳುವ ಕಡೆ ಹಾಕಿದರೆ ಆ ಗುಂಯ್ ಇಲ್ಲದವರ ಮಾತಿಗೆ ನಿಮ್ಮ ಸ್ಪೀಕರ್ ತೆರೆಯುವುದಿಲ್ಲ. ಹತ್ತಿ ಇಟ್ಟುಕೊಂಡಿರುವುದು ನಿಮ್ಮ ಕಿವಿಗೆ!

ಮರುದಿನ ಬೆಳಿಗ್ಗೆ ಅರ್ಧ ಜನ ತೋಟದ ಹಿಂದಿನ ಗುಡ್ಡಕ್ಕೆ ಹೋದರು. ಕೊನೆಯಲ್ಲಿ ನಡೆಯುತ್ತಿದ್ದವರು ಆ ಗೆಳೆಯರು, ಜೊತೆಗೆ ನನ್ನ ಭಾವಮೈದುನ. ಇವನು ಜಾರಿ ಕಾಲು ಉಳುಕಿಸಿಕೊಂಡ. ಗೆಳೆಯರು ಕರೆದರು. ಮತ್ತೆ ಮತ್ತೆ ಕರೆದರು, ಟೋನ್ ಇಲ್ಲದೆ. ಮುಂದೆ ಹೋದವರ ಸೆಟ್ಟಿನಲ್ಲೂ ಅದೇ ಟೋನ್, ಅವರಿಗೂ ಕೇಳಿಸಲಿಲ್ಲ. ಆದರೆ ಗೆಳೆಯರಿಗೆ ನಾವೆಲ್ಲ ಕೇಳಿಸುತ್ತಿದ್ದೆವು. ಕಡುಬು ಎಷ್ಟು ಉಳಿದಿದೆ, ಚಟ್ನಿಗೆ ಉಪ್ಪು ಸಾಲದು, ಎಲ್ಲವೂ. ಆ ಹೊತ್ತಿಗೆ ನಾನು ಮೈಕಿನಲ್ಲಿ ಏನು ಹೇಳಿದ್ದೆ ಗೊತ್ತಾ? "ನೋಡಿ, ಟೋನ್ ಹಾಕಿದ್ದಕ್ಕೆ ಎಷ್ಟು ಶಾಂತವಾಗಿದೆ!"

ಮುಕ್ಕಾಲು ಗಂಟೆ ಹೀಗೇ ಹೋಯಿತು. ಕೊನೆಗೆ ತೋಟದ ರೈಟರು ಕಾಫಿ ಕುಡಿಯುತ್ತಾ ಕೇಳಿದರು, "ಸಾರ್, ಆ ಹಸಿರು ದೀಪ ಯಾಕೆ ಹತ್ತಿ ಹತ್ತಿ ಆರ್ತಾ ಇದೆ?" ಟೋನ್ ಇರಲಿ ಬಿಡಲಿ ಸ್ಪೀಕರ್ ತೆರೆಯುವ ಮಾನಿಟರ್ ಬಟನ್ ಒತ್ತಿದೆ. ಗೆಳೆಯರ ದನಿ ಬಂತು. ಏನು ಅಂದರು ಎಂದು ಇಲ್ಲಿ ಬರೆಯುವ ಹಾಗಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ, ಬೇಜಾರಾಗಬೇಡಿ. ಒಂಬತ್ತು ಜನಕ್ಕೆ ಒಂದೇ ಚಾನೆಲ್ ಸಾಕು. 2 ಮೀಟರ್ ಬ್ಯಾಂಡಿನಲ್ಲಿ ಸಿಂಪ್ಲೆಕ್ಸ್, ಅಂದರೆ ಸೆಟ್ಟಿನಿಂದ ಸೆಟ್ಟಿಗೆ ನೇರ ಮಾತು. ಆ ಬ್ಯಾಂಡ್ ನಮ್ಮಲ್ಲಿ 144ರಿಂದ 146 ಮೆಗಾಹರ್ಟ್ಸ್ ಇದೆ. 145.800ರಿಂದ ಮೇಲೆ ಉಪಗ್ರಹಗಳ ಜಾಗ, ಅದನ್ನು ಬಿಡಿ. ದಟ್ಟ ಮರಗಳ ನಡುವೆ 70 ಸೆಂಟಿಮೀಟರ್ ಬ್ಯಾಂಡಿಗಿಂತ 2 ಮೀಟರೇ ವಾಸಿ. ಟೋನ್ ಆಫ್. ರಿಪೀಟರ್ (ಕೇಳಿದ್ದನ್ನು ಮತ್ತೆ ದೂರಕ್ಕೆ ಕಳಿಸುವ ಸ್ಟೇಷನ್) ಬಳಸುವುದಾದರೆ ಅದು ಕೇಳುವ ಟೋನನ್ನು ಕಳಿಸುವ ಕಡೆ ಮಾತ್ರ ಹಾಕಿ. ಕರಕರ ಸದ್ದು ಬಂದರೆ ಬರಲಿ, ಅದನ್ನು ಅಡಗಿಸುವ ಸ್ಕ್ವೆಲ್ಚ್ ಇದೆಯಲ್ಲ.

ಚಾನೆಲ್ ಹಂಚುವ ಬದಲು ಪಾಳಿ ಹಂಚಿ. ಕ್ಯಾಂಪಿನಲ್ಲಿ ಒಬ್ಬರು ಯಾವಾಗಲೂ ಸೆಟ್ಟಿನ ಪಕ್ಕ ಇರಬೇಕು, ಗಂಟೆಗೊಬ್ಬರಂತೆ. ಆ ಸೆಟ್ಟಿಗೆ ಹ್ಯಾಂಡಿಯ ರಬ್ಬರ್ ಆಂಟೆನಾ ಬೇಡ. ಕಲ್ಲಿಗೆ ಹಗ್ಗ ಕಟ್ಟಿ ಸಿಲ್ವರ್ ಓಕ್ ಕೊಂಬೆಯ ಮೇಲೆ ಎಸೆದು, ಒಂದು ಜೆ-ಪೋಲ್ ಆಂಟೆನಾ ಎಳೆದು ನಿಲ್ಲಿಸಿ. ಗುಡ್ಡದ ಆಚೆ ಇಳಿಯುವವರಿದ್ದರೆ ನೆತ್ತಿಯಲ್ಲಿ ಒಬ್ಬರನ್ನು ರಿಲೇಗೆ ಕೂರಿಸಿ. ಹೊರಡುವ ಮುಂಚೆ ಪ್ರತಿಯೊಬ್ಬರೂ ಒಂದೊಂದು ಸಲ ಕಾಲ್‌ಸೈನ್ (ಲೈಸೆನ್ಸಿನ ಜೊತೆ ಸಿಗುವ ಗುರುತಿನ ಹೆಸರು) ಹೇಳಲಿ, ಉಳಿದ ಎಂಟೂ ಸೆಟ್ಟಿನಲ್ಲಿ ಕೇಳಿಸಿತಾ ನೋಡಿ. ತಡವಾಗಿ ಬಂದವರಿದ್ದರೆ ಮತ್ತೆ ಮೊದಲಿನಿಂದ.

ಲೈಸೆನ್ಸ್ ಇಲ್ಲದವರಿಗೆ "ಸುಮ್ನೆ ಇಟ್ಕೊಳ್ಳಿ" ಎಂದು ಹ್ಯಾಂಡಿ ಕೊಡಬೇಡಿ. 446.0ರಿಂದ 446.2 ಮೆಗಾಹರ್ಟ್ಸಿನ ಕಡಿಮೆ ಪವರಿನ ವಾಕಿಟಾಕಿಗಳಿಗೆ ನಮ್ಮಲ್ಲಿ ಲೈಸೆನ್ಸ್ ಬೇಡ. ಇಟಿಎ, ಅಂದರೆ ಸರ್ಕಾರದ ಉಪಕರಣ ಮಾದರಿ ಒಪ್ಪಿಗೆ ಇರುವುದನ್ನೇ ನೋಡಿ ತನ್ನಿ. ಅಡುಗೆಯವರಿಗೂ ಮಕ್ಕಳಿಗೂ ಅದು ಧಾರಾಳ ಸಾಕು.

ಭಾವಮೈದುನನ ಕಾಲು ಹದಿನೈದು ದಿನದಲ್ಲಿ ಸರಿಹೋಯಿತು. ಈಗಲೂ ಫೋನ್ ಮಾಡಿದರೆ ಮೊದಲು ಕೇಳುವುದು, "ಭಾವ, ದೀಪ ಹತ್ತಿದೆಯಾ?"