ಹೆಣೆದ ಸ್ವೆಟರ್ ಬೀರುವಿನಲ್ಲೇ ಉಳಿದರೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಲವು ವರ್ಷಗಳಿಂದ ಹೆಣೆಯುತ್ತಿದ್ದೇನೆ. ಬೀರುವಿನ ತುಂಬ ಸ್ವೆಟರ್, ಶಾಲು, ಟೋಪಿ ಇವೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಚೆನ್ನಾಗಿವೆ. ಆದರೆ ಹೊರಗೆ ಹೊರಡುವಾಗ ಯಾವುದಕ್ಕೂ ಯಾವುದೂ ಹೊಂದುವುದಿಲ್ಲ. ಇನ್ನು ಮುಂದೆಯಾದರೂ ನಿತ್ಯ ತೊಡುವಂಥದ್ದನ್ನು ಹೆಣೆಯಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಬೀರುವಿನಲ್ಲಿರುವ ಮಾಮೂಲಿ ಬಟ್ಟೆಗಳಿಂದ ಶುರು ಮಾಡಿ. ವಾರವಿಡೀ ಮೊದಲು ಕೈಗೆ ಸಿಗುವ ಪ್ಯಾಂಟು, ಲಂಗ, ಅಂಗಿಗಳನ್ನು ಮಂಚದ ಮೇಲೆ ಹರಡಿ ನೋಡಿ. ಎರಡು ಮೂರು ಬಣ್ಣಗಳೇ ಮತ್ತೆ ಮತ್ತೆ ಬಂದಿರುತ್ತವೆ. ಮೊದಲ ಮೂರು ಉಡುಪುಗಳ ದಾರ ಆ ಬಣ್ಣಗಳ ಜೊತೆ ಹೊಂದುವಂತಿರಲಿ. ಕಡುನೀಲಿ, ಬೂದು, ಕೆನೆಬಿಳಿ, ಕಂದುಗಳಲ್ಲಿ ಎರಡನ್ನು ಆರಿಸಿ, ನಿಮ್ಮ ಮುಖಕ್ಕೆ ಒಪ್ಪುವ ಒಂದು ಗಾಢ ಬಣ್ಣವನ್ನು ಸೇರಿಸಿ. ಎರಡು ಬಣ್ಣ ಒಟ್ಟಿಗೆ ಹೆಣೆಯುವುದಾದರೆ ಉಂಡೆಗಳನ್ನು ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಫೋಟೊದಲ್ಲಿ ಎರಡೂ ಒಂದೇ ಬೂದಾಗಿ ಕಂಡರೆ ನಿಮ್ಮ ವಿನ್ಯಾಸ ನಾಲ್ಕು ಹೆಜ್ಜೆ ದೂರದಿಂದ ಕಾಣುವುದಿಲ್ಲ.

ಒಂದೇ ಉಂಡೆಯಲ್ಲಿ ಏಳೆಂಟು ಬಣ್ಣ ಬೆರೆತ ದಾರ ಅಂಗಡಿಯಲ್ಲಿ ಮನಸ್ಸು ಸೆಳೆಯುತ್ತದೆ. ಸ್ವೆಟರಾಗಿ ಅದನ್ನು ತೊಡುವವರು ಕಡಿಮೆ. ಅಂಥ ದಾರವನ್ನು ಶಾಲಿಗೋ ಕಾಲುಚೀಲಕ್ಕೋ ಇಡಿ.

ಬಣ್ಣಕ್ಕಿಂತಲೂ ಹೆಚ್ಚು ಜನ ಎಡವುವುದು ದಪ್ಪದಲ್ಲಿ. ದಪ್ಪ ದಾರದ ಸ್ವೆಟರ್ ವಾರದಲ್ಲಿ ಮುಗಿಯುತ್ತದೆ ನಿಜ, ಆದರೆ ಅದರ ಮೇಲೆ ಕೋಟು ಹತ್ತುವುದಿಲ್ಲ, ಒಳಗೆ ಕಾಲರ್ ಅಂಗಿ ಹಾಕಿದರೆ ಕಂಕುಳಲ್ಲಿ ಮುದುರುತ್ತದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಸೆಖೆಯಾಗುತ್ತದೆ. ಒಂದರ ಮೇಲೊಂದು ತೊಡುವಂತಿರಬೇಕಾದರೆ ಒಳಗಿನದು ತೆಳುವಾಗಿರಲೇಬೇಕು. 100 ಗ್ರಾಮಿಗೆ ಸುಮಾರು 400 ಮೀಟರ್ ಬರುವ ದಾರದಲ್ಲಿ ಒಂದು ಸಾದಾ ಪುಲ್‌ಓವರ್ ಮತ್ತು ತೋಳಿಲ್ಲದ ಒಂದು ವೆಸ್ಟ್, 100 ಗ್ರಾಮಿಗೆ 200ರಿಂದ 230 ಮೀಟರಿನ ಡಿಕೆ (ಮಧ್ಯಮ ದಪ್ಪದ) ದಾರದಲ್ಲಿ ಮುಂದೆ ಗುಂಡಿಯಿರುವ ಒಂದು ಕಾರ್ಡಿಗನ್, ಆಮೇಲೆ ಒಂದು ಶಾಲು. ಈ ನಾಲ್ಕರ ನಂತರವೇ ಕೇಬಲ್ (ಜಡೆಯಂತೆ ಹೊಸೆದ ವಿನ್ಯಾಸ) ತುಂಬಿದ್ದೋ ಬಣ್ಣದ ಯೋಕ್ (ಕತ್ತಿನಿಂದ ಕಂಕುಳವರೆಗಿನ ಭಾಗ) ಇರುವುದೋ, ಕಣ್ಣು ಕೀಳಲಾಗದಂಥ ಒಂದನ್ನು ಹೆಣೆಯಿರಿ. ಅದರ ಜೊತೆ ತೊಡಲು ಸಾದಾ ಬಟ್ಟೆ ಆಗಲೇ ನಿಮ್ಮ ಬಳಿ ಇರುತ್ತದೆ.

ಉದ್ದವನ್ನು ಪ್ಯಾಟರ್ನ್ (ಹೆಣೆಯುವ ಕ್ರಮದ ಲಿಖಿತ ಸೂಚನೆ) ಹೇಳಿದಂತೆ ಕಣ್ಣು ಮುಚ್ಚಿ ಹೆಣೆಯಬೇಡಿ. ಸೊಂಟ ಎತ್ತರದ ಲಂಗದ ಮೇಲಿನ ಕಾರ್ಡಿಗನ್ ಸೊಂಟದ ಬಳಿಯೇ ನಿಂತರೆ ಚೆಂದ. ಅದೇ ಕಾರ್ಡಿಗನ್ ಕೆಳಸೊಂಟದ ಪ್ಯಾಂಟಿನ ಮೇಲೆ ತುಂಡಾಗಿ ಕಾಣುತ್ತದೆ. ಯಾವುದರ ಮೇಲೆ ಹೆಚ್ಚು ತೊಡುತ್ತೀರೋ ಅದನ್ನು ಧರಿಸಿ, ಕನ್ನಡಿ ಮುಂದೆ ನಿಂತು, ಹೆಗಲಿನಿಂದ ಟೇಪು ಹಿಡಿದು ಉದ್ದ ಬರೆದುಕೊಳ್ಳಿ.

ಪ್ರಶ್ನೆ: ನನ್ನ ಎದೆಯಳತೆ 92 ಸೆಂ.ಮೀ. ಪ್ಯಾಟರ್ನಿನಲ್ಲಿ 98 ಸೆಂ.ಮೀ. ಸೈಜ್ ಆರಿಸಿ ಒಂದು ಸ್ಟಿಚ್ಚೂ ತಪ್ಪದೆ ಹೆಣೆದೆ. ಮುಗಿದ ಮೇಲೆ ಅಳೆದರೆ 108 ಬಂದಿದೆ. ತಪ್ಪಿದ್ದೆಲ್ಲಿ?

ಉತ್ತರ: ಸೈಜ್ ಆರಿಸಿದ್ದರಲ್ಲಿ ತಪ್ಪಿಲ್ಲ, ನಿಮ್ಮ ಕೈಯ ಬಿಗಿ ಪ್ಯಾಟರ್ನ್ ಬರೆದವರದಕ್ಕಿಂತ ಸಡಿಲ. 10 ಸೆಂ.ಮೀ.ಗೆ 22 ಸ್ಟಿಚ್ ಎಂದಿದ್ದರೆ 98 ಸೆಂ.ಮೀ.ಗೆ 216 ಸ್ಟಿಚ್ ಬೇಕು. ಅದೇ 216 ಸ್ಟಿಚ್ಚನ್ನು 10 ಸೆಂ.ಮೀ.ಗೆ 20ರಂತೆ ಹೆಣೆದರೆ 108 ಆಗುತ್ತದೆ. ಚಿಕ್ಕ ತುಂಡಿನಲ್ಲಿ ಎರಡೇ ಸ್ಟಿಚ್ಚಿನ ವ್ಯತ್ಯಾಸ, ಮೈಸುತ್ತಿಗೆ ಬಂದಾಗ 10 ಸೆಂ.ಮೀ.

ಮಾದರಿ ತುಂಡು ಹೆಣೆದಿದ್ದೆ ಎಂದು ಹಲವರು ಬರೆಯುತ್ತಾರೆ. ಆದರೆ 20 ಸ್ಟಿಚ್ ಹಾಕಿ, ಹತ್ತು ಸಾಲು ಹೆಣೆದು, ಕಡ್ಡಿಯಲ್ಲಿರುವಾಗಲೇ ಅಳೆದ ತುಂಡು ಏನನ್ನೂ ಹೇಳುವುದಿಲ್ಲ. ತುಂಡು ಕನಿಷ್ಠ 15 ಸೆಂ.ಮೀ. ಚೌಕವಿರಲಿ. ಸ್ವೆಟರ್ ಸುತ್ತಲೂ ಹೆಣೆಯುವುದಾದರೆ ತುಂಡನ್ನೂ ಸುತ್ತಲೂ ಹೆಣೆಯಿರಿ, ಏಕೆಂದರೆ ಬಹಳ ಜನರ ಪರ್ಲ್ (ಉಲ್ಟಾ) ಸಾಲು ನಿಟ್ (ಸೀದಾ) ಸಾಲಿಗಿಂತ ಸಡಿಲ. ಹಿಂದೆ ಮುಂದೆ ಹೆಣೆದ ತುಂಡಿನಲ್ಲಿ ಎರಡೂ ಬೆರೆತು ಲೆಕ್ಕ ತಪ್ಪುತ್ತದೆ. ನಂತರ ಸ್ವೆಟರನ್ನು ಹೇಗೆ ಒಗೆಯುತ್ತೀರೋ ಹಾಗೆಯೇ ಒಗೆದು, ಮಟ್ಟಸವಾಗಿ ಹಾಸಿ ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ. ಅಳೆಯಿರಿ. ಎಣಿಸುವಾಗ ಅರ್ಧ ಸ್ಟಿಚ್ಚನ್ನೂ ಬಿಡಬೇಡಿ.

ಲೆಕ್ಕ ಕೂಡದಿದ್ದರೆ ಕಡ್ಡಿಯ ದಪ್ಪವನ್ನು ಕಾಲು ಅಥವಾ ಅರ್ಧ ಮಿಲಿಮೀಟರ್ ಇಳಿಸಿ ಮತ್ತೊಂದು ತುಂಡು ಹೆಣೆಯಿರಿ. ಬಟ್ಟೆ ಬಿರುಸಾಯಿತು, ನಿಮ್ಮ 20 ಸ್ಟಿಚ್ಚಿನ ಹೆಣಿಗೆಯೇ ಮೈಗೆ ಹಿತ ಅನ್ನಿಸಿದರೆ ಅದನ್ನೇ ಉಳಿಸಿಕೊಳ್ಳಿ: 98 ಸೆಂ.ಮೀ.ಗೆ 196 ಸ್ಟಿಚ್ ಸಾಕು, ಪ್ಯಾಟರ್ನಿನಲ್ಲಿ 196ರ ಹತ್ತಿರದ ಸೈಜ್ ಯಾವುದೋ ಅದನ್ನು ಹಿಡಿದು ಹೆಣೆಯಿರಿ. ಆಗ ಸಾಲುಗಳ ಮೇಲೂ ಕಣ್ಣಿಡಬೇಕು. 10 ಸೆಂ.ಮೀ.ಗೆ 30 ಸಾಲು ಎಂದಿರುವ ಕಡೆ ನಿಮಗೆ 28 ಬಂದರೆ, 60 ಸಾಲಿನ ಯೋಕ್ 20ರ ಬದಲು 21.4 ಸೆಂ.ಮೀ. ಆಗಿ ಕಂಕುಳು ಕೆಳಗಿಳಿಯುತ್ತದೆ.

ಸಡಿಲಕ್ಕೆ ಎಷ್ಟು ಬಿಡಬೇಕು ಎಂದು ಬೇರೆ ಕೆಲವರೂ ಕೇಳಿದ್ದಾರೆ. ಎದೆಯಳತೆಗೆ ಹೋಲಿಸಿದರೆ, ಮೈಗಂಟುವ ರಿಬ್ (ಹಿಗ್ಗುವ ಉದ್ದುದ್ದ ಗೆರೆಯ ಹೆಣಿಗೆ) ಸ್ವೆಟರಿಗೆ ಸೊನ್ನೆ ಅಥವಾ 5 ಸೆಂ.ಮೀ. ಕಡಿಮೆ, ನಿತ್ಯದ ಪುಲ್‌ಓವರಿಗೆ 5ರಿಂದ 10 ಹೆಚ್ಚು, ಅಂಗಿಯ ಮೇಲೆ ತೊಡುವ ಕಾರ್ಡಿಗನ್ನಿಗೆ 10ರಿಂದ 15. ಎದೆಭಾಗ ತುಂಬಿದ್ದು ಹೆಗಲು ಕಿರಿದಾಗಿದ್ದರೆ ಕಂಕುಳಡಿ ಟೇಪು ಹಿಡಿದು ಮೇಲೆದೆಯ ಅಳತೆಗೆ ಸೈಜ್ ಆರಿಸಿ, ಮುಂಭಾಗದಲ್ಲಷ್ಟೇ ಅರ್ಧ ಸಾಲುಗಳನ್ನು (ಕೊನೆಯವರೆಗೆ ಹೋಗದೆ ನಡುವೆಯೇ ತಿರುಗಿ ಬರುವ ಸಾಲು) ಸೇರಿಸಿ. ದೊಡ್ಡ ಸೈಜ್ ಹಿಡಿದರೆ ಹೆಗಲ ಹೊಲಿಗೆ ತೋಳಿಗೆ ಜಾರುತ್ತದೆ.

ಪ್ರಶ್ನೆ: ಉಣ್ಣೆಯ ಸ್ವೆಟರ್ ತೊಟ್ಟು ನೋಡಿದಾಗ ಸರಿಯಾಗಿತ್ತು. ಒಮ್ಮೆ ಒಗೆದ ಮೇಲೆ ತೋಳು ಬೆರಳ ತುದಿಗೆ ಬಂದಿದೆ. ಲೇಬಲ್ಲಿನಲ್ಲಿ ಸೂಪರ್‌ವಾಶ್ ಎಂದಿದೆ.

ಉತ್ತರ: ಉಣ್ಣೆಯ ಎಳೆಯ ಮೇಲೆ ಸಣ್ಣ ಹುರುಪೆಗಳಿರುತ್ತವೆ. ಅವು ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದಲೇ ಮಾಮೂಲಿ ಉಣ್ಣೆ ಬಿಸಿನೀರು, ಉಜ್ಜಾಟಕ್ಕೆ ಸಿಕ್ಕಿ ಗಂಟುಕಟ್ಟಿ ಕುಗ್ಗುವುದು. ಸೂಪರ್‌ವಾಶ್ ಸಂಸ್ಕರಣೆಯಲ್ಲಿ ಆ ಹುರುಪೆಗಳನ್ನು ಸವೆಸಿರುತ್ತಾರೆ ಇಲ್ಲವೇ ಲೇಪ ಹಚ್ಚಿ ಮುಚ್ಚಿರುತ್ತಾರೆ. ಬಟ್ಟೆ ಕುಗ್ಗುವುದಿಲ್ಲ, ಆದರೆ ಎಳೆಗಳಿಗೆ ಹಿಡಿತವೂ ಇರುವುದಿಲ್ಲ, ಹಾಗಾಗಿ ನೀರು ಕುಡಿದು ಭಾರವಾದಾಗ ಜೋಲುತ್ತದೆ. ಲೇಬಲ್ ಅನುಮತಿಸಿದರೆ ಡ್ರೈಯರಿನಲ್ಲಿ ಕಡಿಮೆ ಶಾಖಕ್ಕೆ ಹಾಕಿ, ಐದೈದು ನಿಮಿಷಕ್ಕೊಮ್ಮೆ ತೆಗೆದು ಅಳೆಯಿರಿ. ಇನ್ನೂ ಹಸಿ ಇರುವಾಗಲೇ ಹೊರತೆಗೆದು, ಬೇಕಾದ ಅಳತೆಗೆ ಕೈಯಲ್ಲಿ ಒತ್ತಿ ಕೂಡಿಸಿ ಹಾಸಿ. ಡ್ರೈಯರ್ ಇಲ್ಲದಿದ್ದರೆ ಒಣ ಟವೆಲಿನಲ್ಲಿ ಸುತ್ತಿ, ಮೇಲೆ ನಿಂತು ನೀರು ಹೀರಿಸಿ. ಒದ್ದೆ ಸ್ವೆಟರನ್ನು ಹೆಗಲು ಹಿಡಿದು ಎತ್ತಲೇಬಾರದು.

ಪ್ರಶ್ನೆ: ಕಾರ್ಡಿಗನ್ನಿನ ಗುಂಡಿಪಟ್ಟಿ ಅಲೆಯಲೆಯಾಗಿ ನಿಲ್ಲುತ್ತದೆ. ಗುಂಡಿ ಹಾಕಿದರೆ ಎದೆಯ ಬಳಿ ಬಾಯಿ ತೆರೆಯುತ್ತದೆ.

ಉತ್ತರ: ಎರಡು ಬೇರೆ ಬೇರೆ ದೋಷ. ಅಲೆ ಬಂದಿದ್ದರೆ ಪಟ್ಟಿಗೆ ಎತ್ತಿಕೊಂಡ ಸ್ಟಿಚ್ ಹೆಚ್ಚಾಗಿದೆ. ಪಟ್ಟಿ ಗಿಡ್ಡವಾಗಿ ಮುಂಭಾಗ ಮೇಲಕ್ಕೆ ಸೆಳೆದರೆ ಕಡಿಮೆಯಾಗಿದೆ. 10 ಸೆಂ.ಮೀ.ಗೆ 22 ಸ್ಟಿಚ್, 30 ಸಾಲು ಇರುವ ಹೆಣಿಗೆಯಲ್ಲಿ ಪ್ರತಿ ನಾಲ್ಕು ಸಾಲಿಗೆ ಮೂರು ಸ್ಟಿಚ್ ಎತ್ತಿಕೊಳ್ಳಬೇಕು: ಮೂರು ಎತ್ತಿ, ಒಂದು ಬಿಡಿ. ಪಟ್ಟಿಯ ಕಡ್ಡಿ ಮೈಯ ಕಡ್ಡಿಗಿಂತ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಸಣ್ಣದಿರಲಿ. ನಾಲ್ಕು ಸಾಲು ಆಗುತ್ತಲೇ ಮೇಜಿನ ಮೇಲೆ ಹಾಸಿ ನೋಡಿ, ಅಲೆಯಿದ್ದರೆ ಆಗಲೇ ಗೊತ್ತಾಗುತ್ತದೆ, ಬಿಚ್ಚುವುದೂ ಸುಲಭ.

ಬಾಯಿ ತೆರೆಯುವುದು ಕಾಜಾಗಳ ಜಾಗದಿಂದ. ಮೇಲಿಂದ ಕೆಳಗೆ ಸಮನಾಗಿ ಹಂಚುತ್ತ ಹೋದರೆ ಎದೆಯ ಅತಿ ಅಗಲದ ಜಾಗ ಎರಡು ಗುಂಡಿಗಳ ನಡುವೆ ಬಿದ್ದುಬಿಡುತ್ತದೆ. ಮೊದಲ ಕಾಜಾವನ್ನು ಅಲ್ಲಿಯೇ ಗುರುತಿಸಿ, ಉಳಿದವನ್ನು ಅಲ್ಲಿಂದ ಮೇಲೆ ಕೆಳಗೆ 7ರಿಂದ 8 ಸೆಂ.ಮೀ. ಅಂತರದಲ್ಲಿ ಹಂಚಿ. ಗುಂಡಿಯನ್ನು ಮೊದಲೇ ಕೊಂಡು, ಕಾಜಾ ಅದಕ್ಕೆ ಸ್ವಲ್ಪ ಬಿಗಿಯಾಗುವಂತೆ ಹೆಣೆಯಿರಿ, ಹೆಣಿಗೆ ಹಿಗ್ಗಿಯೇ ಹಿಗ್ಗುತ್ತದೆ. ಹೆಣೆದು ಮುಗಿದ ಕಾರ್ಡಿಗನ್ನನ್ನು ಉಳಿಸಿಕೊಳ್ಳಬೇಕಾದರೆ ಪಟ್ಟಿಯ ಒಳಬದಿಗೆ ಗಟ್ಟಿ ನೇಯ್ಗೆಯ ರಿಬ್ಬನ್ ಹೊಲಿಯಿರಿ. ರಿಬ್ಬನ್ನನ್ನು ಮೊದಲು ಒಗೆದು ಒಣಗಿಸದೆ ಹೊಲಿದರೆ ಮುಂದೊಂದು ದಿನ ಅದು ಕುಗ್ಗಿ ಪಟ್ಟಿಯನ್ನೇ ಮುದುರುತ್ತದೆ.

ಪ್ರಶ್ನೆ: ಒಂದು ಸ್ವೆಟರಿಗೆ ಎಷ್ಟು ದಾರ ಕೊಳ್ಳಬೇಕು? ಕೊನೆಯ ತೋಳಿಗೆ ಬರುವಾಗ ಯಾವಾಗಲೂ ಸಾಲದಾಗುತ್ತದೆ.

ಉತ್ತರ: ಒಗೆದು ಒಣಗಿಸಿದ ಮಾದರಿ ತುಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಡಿಕೆ ದಾರದ 15 ಸೆಂ.ಮೀ. ಚೌಕದ ತುಂಡು, ಅಂದರೆ 225 ಚದರ ಸೆಂ.ಮೀ., 12 ಗ್ರಾಮ್ ತೂಗಿತು ಎಂದಿಟ್ಟುಕೊಳ್ಳಿ. ಮೈಭಾಗ 100 ಸುತ್ತಳತೆ, 58 ಉದ್ದ: 5,800 ಚದರ ಸೆಂ.ಮೀ. ಒಂದೊಂದು ತೋಳು ಸರಾಸರಿ 28 ಸುತ್ತು, 45 ಉದ್ದ: ಎರಡಕ್ಕೆ 2,520. ಒಟ್ಟು 8,320. ಇದನ್ನು 225ರಿಂದ ಭಾಗಿಸಿ 12ರಿಂದ ಗುಣಿಸಿದರೆ ಸುಮಾರು 444 ಗ್ರಾಮ್. ಕತ್ತು, ಅಂಚು, ಬಿಚ್ಚಾಟ, ಮುಂದೆ ರಿಪೇರಿಗೆಂದು ಇನ್ನೊಂದು 10ರಿಂದ 15 ಪ್ರತಿಶತ ಸೇರಿಸಿ 500 ಗ್ರಾಮ್ ಕೊಳ್ಳಿ. ಕೇಬಲ್ ಇದ್ದರೆ ಕೇಬಲ್ಲಿನದೇ ತುಂಡು ಹೆಣೆದು ತೂಗಬೇಕು, ಅದು ದಾರವನ್ನು ಬಹಳ ತಿನ್ನುತ್ತದೆ.

ಜೊತೆಗೆ ಹೆಣೆಯುವ ಕ್ರಮ ಬದಲಿಸಿ. ಮೇಲಿನಿಂದ ಹೆಣೆಯುವ ಸ್ವೆಟರಿನಲ್ಲಿ ಯೋಕ್ ಆದ ಮೇಲೆ ತೋಳುಗಳನ್ನು ಮುಗಿಸಿ, ಮೈಯನ್ನು ಕೊನೆಗೆ ಇಟ್ಟುಕೊಳ್ಳಿ. ದಾರ ಸಾಲದಿದ್ದರೆ ಸ್ವೆಟರ್ ಎರಡು ಬೆರಳು ಗಿಡ್ಡವಾದೀತು, ಯಾರಿಗೂ ತಿಳಿಯುವುದಿಲ್ಲ. ಎಲ್ಲ ಉಂಡೆಗಳ ಲೇಬಲ್ಲಿನಲ್ಲಿ ಬಣ್ಣದ ಲಾಟ್ (ಒಂದೇ ಸಲ ಬಣ್ಣ ಹಾಕಿದ ಕಂತು) ಸಂಖ್ಯೆ ಒಂದೇ ಇದೆಯೇ ನೋಡಿ. ಬೇರೆ ಲಾಟ್ ಸೇರಿಸಲೇಬೇಕಾಗಿ ಬಂದರೆ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಎಂದು ಏಳೆಂಟು ಸೆಂ.ಮೀ. ಹೆಣೆದು ಆಮೇಲೆ ಹೊಸದಕ್ಕೆ ಹೊರಳಿ. ಕೈಯಲ್ಲಿ ಬಣ್ಣ ಹಾಕಿದ ದಾರವಾದರೆ ಲಾಟ್ ಒಂದೇ ಇದ್ದರೂ ಮೊದಲಿನಿಂದ ಕೊನೆಯವರೆಗೆ ಹೀಗೆ ಎರಡು ಉಂಡೆಯಿಂದಲೇ ಹೆಣೆಯುವುದು ಕ್ಷೇಮ.

ಪ್ರಶ್ನೆ: ಬೇಸಿಗೆಗೆಂದು ಹತ್ತಿ ದಾರದಲ್ಲಿ ಉದ್ದದ ಟ್ಯೂನಿಕ್ ಹೆಣೆದೆ. ತೊಟ್ಟ ಎರಡು ಗಂಟೆಯಲ್ಲೇ ಮೊಣಕಾಲಿನತ್ತ ಇಳಿಯುತ್ತದೆ.

ಉತ್ತರ: ಹತ್ತಿಗೆ ಉಣ್ಣೆಯಂತೆ ಹಿಗ್ಗಿ ಮತ್ತೆ ಕೂಡಿಕೊಳ್ಳುವ ಗುಣವಿಲ್ಲ, ಮೇಲಾಗಿ ಭಾರ. ಉದ್ದ ಹೆಚ್ಚಿದಷ್ಟೂ ಕೆಳಗಿನ ತೂಕವೇ ಮೇಲಿನ ಸ್ಟಿಚ್ಚುಗಳನ್ನು ಎಳೆಯುತ್ತದೆ. ಹತ್ತಿಯಲ್ಲಿ ಗಿಡ್ಡ, ಅರ್ಧ ತೋಳಿನ ಉಡುಪು ಹೆಣೆಯಿರಿ, ತೆಳು ದಾರ ಬಳಸಿ, ಕಡ್ಡಿಯನ್ನು ಲೇಬಲ್ ಹೇಳುವುದಕ್ಕಿಂತ ಅರ್ಧ ಮಿಲಿಮೀಟರ್ ಇಳಿಸಿ. ಸುತ್ತಲೂ ಒಂದೇ ಆಗಿ ಹೆಣೆಯುವ ಬದಲು ಹಿಂಭಾಗ, ಮುಂಭಾಗ ಬೇರೆ ಬೇರೆ ಹೆಣೆದು ಪಕ್ಕದಲ್ಲಿ ಹೊಲಿದರೆ ಆ ಹೊಲಿಗೆಯೇ ಭಾರ ತಡೆಯುತ್ತದೆ. ಮಾದರಿ ತುಂಡಿನ ಕೆಳಅಂಚಿಗೆ ಒಂದಷ್ಟು ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಒಂದು ರಾತ್ರಿ ತೂಗುಹಾಕಿ, ಎಷ್ಟು ಇಳಿಯಿತು ಎಂದು ಅಳೆದು ಅಷ್ಟನ್ನು ಉದ್ದದಲ್ಲಿ ಕಳೆಯಿರಿ.

ಈಗಿನ ಟ್ಯೂನಿಕ್ ಸುತ್ತಲೂ ಹೆಣೆದದ್ದಾದರೆ ಕೆಳಗಿನಿಂದ ಒಂದು ಗೇಣು ಮೇಲೆ ಒಂದು ಸ್ಟಿಚ್ ಕತ್ತರಿಸಿ, ಆ ಸಾಲನ್ನು ಸುತ್ತ ಬಿಡಿಸುತ್ತ ಬಿಚ್ಚಿಕೊಂಡ ಸ್ಟಿಚ್ಚುಗಳನ್ನು ಕಡ್ಡಿಗೆ ಏರಿಸಿ, ಕೆಳಮುಖವಾಗಿ ಹೊಸ ರಿಬ್ ಹೆಣೆದು ಮುಚ್ಚಿ. ಭಾರವೂ ತಗ್ಗುತ್ತದೆ.

ಪ್ರಶ್ನೆ: ಮೆರಿನೊ ಸ್ವೆಟರ್ ಕಂಕುಳಲ್ಲಿ, ಪಕ್ಕದಲ್ಲಿ ಜುಂಗುಗಟ್ಟಿ ಸಣ್ಣ ಸಣ್ಣ ಉಂಡೆಗಳಾಗಿವೆ. ದುಬಾರಿ ದಾರ ಹೀಗಾಗಬಹುದೇ?

ಉತ್ತರ: ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ನಾರು ಗಿಡ್ಡವಾಗಿ, ಹುರಿ ಸಡಿಲವಾಗಿದ್ದರೆ ತಿಕ್ಕಾಟಕ್ಕೆ ನಾರಿನ ತುದಿಗಳು ಹೊರಬಂದು ಗಂಟಾಗುತ್ತವೆ. ಒಂಟಿ ಎಳೆಯ ಮೃದು ದಾರ ಕೆನ್ನೆಗೆ ತಾಗಿಸಿದಾಗ ಬಹಳ ಹಿತ, ಸ್ವೆಟರಿಗೆ ಮಾತ್ರ ಬೇಡ. ಮೂರು ನಾಲ್ಕು ಎಳೆ ಬಿಗಿಯಾಗಿ ಹುರಿಗೊಂಡದ್ದನ್ನು ಆರಿಸಿ, ಸ್ವಲ್ಪ ಬಿಗಿಯಾಗಿಯೇ ಹೆಣೆಯಿರಿ. ಈಗ ಆಗಿರುವ ಉಂಡೆಗಳನ್ನು ಬೆರಳಲ್ಲಿ ಕೀಳಬೇಡಿ, ಒಳಗಿನ ನಾರೂ ಜೊತೆಗೆ ಬರುತ್ತದೆ. ಸ್ವೆಟರ್ ಬಾಚಣಿಗೆ ಅಥವಾ ಬಟ್ಟೆ ಶೇವರಿನಿಂದ ತೆಗೆಯಿರಿ.

ಪ್ರಶ್ನೆ: ಕತ್ತಿನ ಅಂಚು ತಲೆಯಲ್ಲಿ ಇಳಿಯುವುದಿಲ್ಲ.

ಉತ್ತರ: ಮುಚ್ಚಿದ ಸಾಲನ್ನಷ್ಟೇ ಬಿಚ್ಚಿ. ವಯಸ್ಕರ ತಲೆಯ ಸುತ್ತಳತೆ ಸಾಮಾನ್ಯವಾಗಿ 55ರಿಂದ 60 ಸೆಂ.ಮೀ., ಅಂಚು ಅಷ್ಟಾದರೂ ಹಿಗ್ಗಬೇಕು. ಎರಡು ಸ್ಟಿಚ್ಚನ್ನು ಹಿಂಬದಿಯಿಂದ ಒಟ್ಟಿಗೆ ಹೆಣೆಯಿರಿ, ಬಂದ ಒಂದನ್ನು ಎಡಗಡ್ಡಿಗೆ ಮರಳಿಸಿ, ಪಕ್ಕದ್ದರ ಜೊತೆ ಮತ್ತೆ ಹಾಗೆಯೇ ಹೆಣೆಯುತ್ತ ಹೋಗಿ. ಬಲಗಡ್ಡಿ ಎಡಗಡ್ಡಿಗಿಂತ ಒಂದು ಮಿಲಿಮೀಟರ್ ಹೆಚ್ಚು ದಪ್ಪದ್ದಿರಲಿ. ಕತ್ತು ಇದಕ್ಕೆ ತದ್ವಿರುದ್ಧವಾಗಿ ಅಗಲವಾಗಿ ಹೆಗಲಿನಿಂದ ಜಾರುತ್ತಿದ್ದರೆ, ಹಿಂಗತ್ತಿನ ಒಳಬದಿಯಲ್ಲಿ ಒಂದು ಹೆಗಲಿನಿಂದ ಇನ್ನೊಂದಕ್ಕೆ ಕ್ರೋಶಾ ಕಡ್ಡಿಯಿಂದ ಬಿಗಿ ಸರಪಳಿ ಹೊಲಿಗೆ ಹಾಕಿ.

ಪ್ರಶ್ನೆ: ತೊಡದ ಕಾಲದಲ್ಲಿ ಹೇಗೆ ಇಡಬೇಕು?

ಉತ್ತರ: ಒಗೆದು, ಪೂರ್ತಿ ಒಣಗಿಸಿ, ಮಡಚಿ ಇಡಿ. ಹ್ಯಾಂಗರಿಗೆ ಹಾಕಿದರೆ ಹೆಗಲಲ್ಲಿ ಗುಬುಟು ಬರುತ್ತದೆ, ಉದ್ದವೂ ಇಳಿಯುತ್ತದೆ. ಉಣ್ಣೆಯನ್ನು ತಿನ್ನುವುದು ನುಸಿಯ ಮರಿಹುಳು, ಬೆವರು ಮತ್ತು ಊಟದ ಕಲೆ ಇರುವ ಕಡೆ ಅದು ಮೊದಲು ಬಾಯಿ ಹಾಕುತ್ತದೆ. ತೂತು ಕಂಡರೆ ಉಡುಪನ್ನು ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ, ಬೀರುವಿನ ಮೂಲೆಗಳನ್ನು ವ್ಯಾಕ್ಯೂಮ್ ಮಾಡಿ. ರಿಪೇರಿಗೆ ಉಳಿಸಿದ ದಾರದಲ್ಲಿ ಒಂದು ಸಣ್ಣ ಲಡಿ ಕಟ್ಟಿ, ಸ್ವೆಟರ್ ಒಗೆಯುವಾಗಲೆಲ್ಲ ಅದನ್ನೂ ನೀರಿಗೆ ಹಾಕಿ. ಎರಡರ ಬಣ್ಣವೂ ಒಟ್ಟೊಟ್ಟಿಗೆ ಮಾಸುವುದರಿಂದ ತೇಪೆ ಎದ್ದು ಕಾಣುವುದಿಲ್ಲ.