ಮಂಗಳೂರಿಂದ ಚಿಕ್ಕಬಳ್ಳಾಪುರಕ್ಕೆ ಬಂದಮೇಲೆ ಚಳಿಗೆ ಮೈಯೆಲ್ಲ ಬಿರಿಯುತ್ತಿದೆ, ಮನಸ್ಸೂ ಮಂಕಾಗಿದೆ. ಏನು ಮಾಡಲಿ?

ಮಂಗಳೂರಿನವರು ಅಂತ ಬರೆದಿದ್ದು ಒಳ್ಳೆಯದಾಯಿತು. ಅರ್ಧ ಕಾರಣ ಅಲ್ಲೇ ಇದೆ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಅಲ್ಲಿ ಚರ್ಮಕ್ಕೆ ಏನೂ ಹಚ್ಚದಿದ್ದರೂ ನಡೆಯುತ್ತದೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಮಂಜು ಇದ್ದರೂ ಮಧ್ಯಾಹ್ನದ ಹೊತ್ತಿಗೆ ಬರೀ ಒಣಗಾಳಿ.

ಹೊಗೆಯಾಡುವ ನೀರಲ್ಲಿ ಅರ್ಧ ಗಂಟೆ ಸ್ನಾನ ಮಾಡ್ತೀನಿ ಅಂದಿದ್ದೀರಲ್ಲ, ಮೊದಲು ಅದನ್ನು ಬಿಡಿ. ನೀರು ಸುಡುವಷ್ಟಿದ್ದರೆ ಚರ್ಮದಲ್ಲಿರೋ ಜಿಡ್ಡೂ ತೊಳೆದು ಹೋಗುತ್ತದೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಮುಗಿಸಿ. ಕೈಕಾಲಿಗೆ ದಿನಾ ಸೋಪು ಬೇಡ. ಟವೆಲಲ್ಲಿ ಉಜ್ಜದೆ ಒತ್ತಿ ಒರೆಸಿ, ಮೈಯಲ್ಲಿ ಇನ್ನೂ ಪಸೆ ಇರುವಾಗಲೇ, ಬಚ್ಚಲಲ್ಲೇ ನಿಂತು ವ್ಯಾಸಲೀನ್ ಹಚ್ಚಿ. ಒಣಗಿದ ಮೇಲೆ ಹಚ್ಚಿದರೆ ಅಷ್ಟು ಉಪಯೋಗವಿಲ್ಲ, ಒಳಗಿನ ನೀರು ಹೊರಗೆ ಹೋಗದಂತೆ ತಡೆಯೋದೇ ಅದರ ಕೆಲಸ. ದುಬಾರಿ ಕ್ರೀಮು ಬೇಕಾಗಿಲ್ಲ.

ಕೊಬ್ಬರಿ ಎಣ್ಣೆಯೇ ಬೇಕು ಅಂದರೆ ಸರಿ, ಆದರೆ ಇಲ್ಲಿ ಅದು ಬಾಟಲಿಯಲ್ಲೇ ಗಟ್ಟಿಯಾಗಿ ಕೂರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಹಾಗೇ. ಸ್ನಾನಕ್ಕೆ ಹೋಗುವಾಗ ಬಿಸಿನೀರಿನ ಚೊಂಬಲ್ಲಿ ಬಾಟಲಿ ಇಟ್ಟುಬಿಡಿ. ಹಿಮ್ಮಡಿ ಒಡೆದಿದ್ದರೆ ರಾತ್ರಿ ಯೂರಿಯಾ ಇರುವ ಕ್ರೀಮು ಹಚ್ಚಿ ಸಾಕ್ಸ್ ಹಾಕಿಕೊಳ್ಳಿ. ಮೆಡಿಕಲ್ ಶಾಪಿಂದು ಮತ್ತೆ, ಹೊಲಕ್ಕೆ ಹಾಕೋ ಚೀಲದ್ದಲ್ಲ! ಮುಖಕ್ಕೆ ನಿಂಬೆಹಣ್ಣು ಮಾತ್ರ ಖಂಡಿತ ಬೇಡ.

ಇನ್ನು ಮನಸ್ಸು. ಬಿಸಿಲು ಕಮ್ಮಿ ಇರೋದಕ್ಕೇ ಹೀಗೆ ಅಂತ ನಿಮ್ಮ ಅನುಮಾನ. ಚಳಿಗಾಲದ ಖಿನ್ನತೆಯನ್ನು ಅಮೆರಿಕದ ವೈದ್ಯರು 1984ರಲ್ಲಿ ಹೆಸರಿಟ್ಟು ವಿವರಿಸಿದ್ದು ನಿಜ. ಆದರೆ ಅದು ಹೆಚ್ಚಾಗಿ ಹಗಲು ತೀರಾ ಮೊಟಕಾಗುವ ಉತ್ತರದ ದೇಶಗಳ ತೊಂದರೆ. ನಮ್ಮಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲೂ 11 ಗಂಟೆಗಿಂತ ಉದ್ದ. ಜೂನ್‌ಗೂ ಇದಕ್ಕೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ. ಬಿಸಿಲು ಇದೆ, ನಾವೇ ಕಂಬಳಿಯಿಂದ ಎದ್ದು ಸೀದಾ ಆಫೀಸಿನ ಟ್ಯೂಬ್‌ಲೈಟ್ ಕೆಳಗೆ ಹೋಗಿ ಕೂರ್ತೀವಿ, ಅಲ್ವಾ? ಬೆಳಿಗ್ಗೆ ಮಂಜು ಬಿಟ್ಟ ತಕ್ಷಣ ಅರ್ಧ ಗಂಟೆ ಹೊರಗಿರಿ.

ರೂಮಲ್ಲಿ ಒಬ್ಬರೇ ಇರೋದೂ ಕಾರಣ ಅನ್ನಿಸುತ್ತೆ ನನಗೆ. ಈಗ ಅವರೆಕಾಯಿ ಕಾಲ. ಭಾನುವಾರ ಓನರ್ ಮನೆಯವರು ಜಗಲಿ ಬಿಸಿಲಲ್ಲಿ ನೆನೆಹಾಕಿದ ಕಾಳಿನ ಪಾತ್ರೆ ಇಟ್ಟುಕೊಂಡು ಕೂತಿದ್ದರೆ, ನೀವೂ ಹೋಗಿ ಕೂತುಬಿಡಿ. ಹೆಬ್ಬೆರಳು, ತೋರುಬೆರಳ ಮಧ್ಯೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ ಅಂತ ಹೊರಗೆ ಬರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಮಾತು ತಾನಾಗೇ ಶುರುವಾಗುತ್ತೆ, ಹಿತಕಿದಬೇಳೆ ಸಾರೂ ಸಿಗುತ್ತೆ. ಎದ್ದಮೇಲೆ ಕೈಗೆ ಎಣ್ಣೆ ಹಚ್ಚೋದು ಮರೀಬೇಡಿ.

ಒಂದು ಮಾತು. ಒಣಚರ್ಮ, ಎಲ್ಲರಿಗಿಂತ ಜಾಸ್ತಿ ಚಳಿ, ಸುಸ್ತು, ಮಂಕು, ಇವೆಲ್ಲ ಒಟ್ಟಿಗೆ ಇದ್ದರೆ ಥೈರಾಯ್ಡ್ ಕಮ್ಮಿಯಾಗಿರಲೂಬಹುದು. ಡಾಕ್ಟರ ಹತ್ತಿರ ಹೋಗಿ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದೆ ಯಾವುದೂ ಬೇಡ ಅನ್ನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ತೊಂದರೆಗೆ ಸರ್ಕಾರ ನಡೆಸುವ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ.