77 ಬಾರ್ ಬರುತ್ತಿರುವುದು ಕೆ-ಫ್ಯಾಕ್ಟರ್‌ನಿಂದ

ನಿಮ್ಮ ಫೈರ್ ಸ್ಪ್ರಿಂಕ್ಲರ್ ಮಾಡೆಲ್‌ನಲ್ಲಿ ಹೆಡ್‌ನ (ನೀರು ಚಿಮ್ಮಿಸುವ ತುದಿಯ) ಒತ್ತಡ 77 ಬಾರ್ ಯಾಕೆ ಬರುತ್ತಿದೆ ಅಂತ ಕೇಳಿದ್ದೀರಿ. ನೀವು ಕೊಟ್ಟಿರುವ ಅಂಕಿಗಳು: ನೀರು ಬೀಳಬೇಕಾದ ಪ್ರಮಾಣ 4.1 ಮಿ.ಮೀ./ನಿಮಿಷ, ಒಂದು ಹೆಡ್‌ಗೆ 12 ಚದರ ಮೀಟರ್, ಕೆ-ಫ್ಯಾಕ್ಟರ್ (ಒತ್ತಡಕ್ಕೆ ತಕ್ಕಂತೆ ಹೆಡ್‌ನಿಂದ ಎಷ್ಟು ನೀರು ಬರುತ್ತದೆ ಎಂದು ಹೇಳುವ ಸಂಖ್ಯೆ) 5.6. ತಪ್ಪು ಬಹುತೇಕ ಕೆ-ಫ್ಯಾಕ್ಟರ್‌ನ ಯೂನಿಟ್‌ನಲ್ಲೇ ಇದೆ. 5.6 ಅನ್ನೋದು ಗ್ಯಾಲನ್-ಪಿಎಸ್‌ಐ ಸಂಖ್ಯೆ. ಪ್ರಾಜೆಕ್ಟ್ ಲೀಟರ್-ಬಾರ್‌ನಲ್ಲಿದ್ದರೆ ಅದೇ ಹೆಡ್‌ಗೆ 80 ಹಾಕಬೇಕು.

ಮೊದಲು ಕೈಯಲ್ಲೇ ಲೆಕ್ಕ ಹಾಕಿ. 4.1 × 12 ಅಂದರೆ ನಿಮಿಷಕ್ಕೆ 49.2 ಲೀಟರ್. ಅದನ್ನು ಕೆ-ಯಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಒತ್ತಡ ಸಿಗುತ್ತದೆ. 5.6 ಇಟ್ಟರೆ 77 ಬಾರ್, ನಿಮ್ಮ ಸ್ಕ್ರೀನ್‌ನಲ್ಲಿ ಇರೋದೂ ಅದೇ ಅಲ್ವಾ? 80 ಇಟ್ಟರೆ 0.38 ಬಾರ್. ಆದರೆ ಸ್ಪ್ರಿಂಕ್ಲರ್ ಅಳವಡಿಕೆಯ ಅಮೆರಿಕನ್ ಮಾನದಂಡ ಎನ್‌ಎಫ್‌ಪಿಎ 13 ಪ್ರಕಾರ ಹೆಡ್‌ನಲ್ಲಿ ಕನಿಷ್ಠ 7 ಪಿಎಸ್‌ಐ, ಸುಮಾರು 0.48 ಬಾರ್ ಇರಬೇಕು. ಹಾಗಾಗಿ ಆ ಕನಿಷ್ಠ ಒತ್ತಡಕ್ಕೆ ಹರಿವು ನಿಮಿಷಕ್ಕೆ 55 ಲೀಟರ್ ಆಸುಪಾಸಿಗೆ ಏರಿದರೆ ಗಾಬರಿಯಾಗಬೇಡಿ.

ಆಮೇಲೆ ಇಡೀ ಮಾಡೆಲ್ ಬಿಡಿ, ಮೂರು ಹೆಡ್ ಇರುವ ಒಂದೇ ಬ್ರಾಂಚ್ ಬರೆದು ಓಡಿಸಿ. ಪೈಪ್‌ಗೆ ಹೆಸರಿನ ಅಳತೆ ಬೇಡ, ಒಳವ್ಯಾಸ ಕೊಡಿ: 25 ಮಿ.ಮೀ. ಶೆಡ್ಯೂಲ್ 40 (ಗೋಡೆಯ ದಪ್ಪದ ದರ್ಜೆ) ಪೈಪ್‌ನ ಒಳಗೆ 26.6 ಮಿ.ಮೀ. ಇರುತ್ತದೆ. ಪೈಪ್‌ನ ಒಳಮೈ ಎಷ್ಟು ನುಣುಪು ಎಂದು ಹೇಳುವ ಹೇಜನ್-ವಿಲಿಯಮ್ಸ್ ಸಿ ಮೌಲ್ಯ, ನೀರು ತುಂಬಿರುವ ಕಪ್ಪು ಉಕ್ಕಿನ ಪೈಪ್‌ಗೆ 120, ಸಿಪಿವಿಸಿ ಪ್ಲಾಸ್ಟಿಕ್ ಪೈಪ್‌ಗೆ 150. ಎತ್ತರವನ್ನೂ ನೋಡಿ, ಪ್ರತಿ ಮೀಟರ್ ಏರಿಕೆಗೆ ಸುಮಾರು 0.1 ಬಾರ್ ಹೋಗುತ್ತದೆ.

ಇದು ಸರಿಯಾಗಿ ಬಂದ ಮೇಲೆ ಪೂರ್ತಿ ಮಾಡೆಲ್‌ನಲ್ಲಿ ಕೆ ಬದಲಿಸಿ. ಆದರೂ ಒತ್ತಡ ಜಾಸ್ತಿ ಬಂದರೆ ಯಾವುದೋ ಒಂದು ಪೈಪ್‌ನ ಉದ್ದ ಮೀಟರ್ ಬದಲು ಮಿಲಿಮೀಟರ್‌ನಲ್ಲಿ ಬಿದ್ದಿರಬಹುದು. ರಿಪೋರ್ಟ್‌ನಲ್ಲಿ ಪೈಪ್‌ಗಳನ್ನು ಒತ್ತಡ ನಷ್ಟದ ಪ್ರಕಾರ ಜೋಡಿಸಿ, ಮೇಲಿನದನ್ನು ನೋಡಿ.